ಪಾರ್ಕಿನ ಬೆಂಚಿಗೆ ಏನಾಗಿದೆ? ಬುಡದಿಂದ ಶುರು ಮಾಡಿ ದೋಷ ಹುಡುಕುವ ಬಗೆ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು ಇದೆ. ಅಮ್ಮ ದಿನಾ ಸಂಜೆ ಅಲ್ಲಿ ಕೂರುತ್ತಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಅವರಿಗೆ ಆ ಬೆಂಚಿನಿಂದ ಏಳಲು ಕಷ್ಟವಾಗತೊಡಗಿತು. ಯಾರಾದರೂ ಕೈ ಕೊಡಬೇಕು. ಮಂಡಿ ನೋವು ಜಾಸ್ತಿಯಾಗಿದೆ ಅಂದುಕೊಂಡೆವು. ಡಾಕ್ಟರಿಗೆ ತೋರಿಸಿದೆವು, ಎಣ್ಣೆ ಹಚ್ಚಿದೆವು. ಆದರೆ ಮನೆಯ ಕುರ್ಚಿಯಿಂದ ಅಮ್ಮ ಸಲೀಸಾಗಿ ಏಳುತ್ತಿದ್ದರು.

ಒಂದು ದಿನ ಟೇಪು ಹಿಡಿದು ಹೋಗಿ ಬೆಂಚಿನ ಎತ್ತರ ಅಳೆದೆ. ನೆಲದಿಂದ ಕೂರುವ ಕಲ್ಲಿನವರೆಗೆ 34 ಸೆಂಟಿಮೀಟರ್. ಇದರ ಜೊತೆಗೇ, ಇದೇ ಅಳತೆಯಲ್ಲಿ ಹಾಕಿಸಿದ ಇನ್ನೊಂದು ಬೆಂಚು ಹುಲ್ಲಿನ ಮೇಲಿದೆ. ಅದು 45. ಕಲ್ಲು ಕುಗ್ಗುವುದಿಲ್ಲವಲ್ಲ. ನೆಲ ಏರಿತ್ತು. ನಡೆಯುವ ದಾರಿ ಹೊಸದು ಮಾಡುವಾಗ ಹಳೆಯ ಚಪ್ಪಡಿಯನ್ನು ಕೀಳದೆ, ಅದರ ಮೇಲೆಯೇ ಮರಳು ಹರವಿ ಇಂಟರ್‌ಲಾಕ್ ಟೈಲ್ಸ್ ಕೂರಿಸಿದ್ದರು. ಮರಳು ಐದು ಸೆಂಟಿಮೀಟರ್, ಟೈಲ್ಸ್ ಆರು. ಬೆಂಚಿನ ಕಾಲು ಅಷ್ಟು ಹೂತುಹೋಗಿತ್ತು.

ಆಮೇಲೆ ನಾನು ಯಾವ ಪಾರ್ಕಿಗೆ ಹೋದರೂ ಬೆಂಚಿನ ಕೆಳಗೆ ಬಗ್ಗಿ ನೋಡುವುದನ್ನು ರೂಢಿ ಮಾಡಿಕೊಂಡೆ. ಬೆಂಚು ಕೆಟ್ಟಿದೆ ಅಂತ ದೂರು ಬಂದರೆ ಸಾಮಾನ್ಯವಾಗಿ ಹಳೆಯದನ್ನು ಕಿತ್ತು ಹೊಸದನ್ನು ಹಾಕುತ್ತಾರೆ. ಎರಡು ವರ್ಷಕ್ಕೆ ಅದೂ ಹಾಗೇ ಆಗುತ್ತದೆ. ಯಾಕೆಂದರೆ ದೋಷ ನೆಲದಲ್ಲಿರುತ್ತದೆ, ನೀರು ನಿಲ್ಲುವ ಜಾಗದಲ್ಲಿರುತ್ತದೆ, ಇಲ್ಲವೇ ಬೆಂಚು ಕೂರಿಸಿದ ಜಾಗವೇ ತಪ್ಪಾಗಿರುತ್ತದೆ. ಅದಕ್ಕೇ ಬುಡದಿಂದ ನೋಡುತ್ತಾ ಬರಬೇಕು.

ಜೊತೆಗೆ ಒಯ್ಯಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ಟೇಪು, ಮಟ್ಟ ನೋಡಲು ಒಂದು ರಸಮಟ್ಟ (ಇಲ್ಲದಿದ್ದರೆ ಮೊಬೈಲಿನಲ್ಲಿರುವುದೂ ಸಾಕು), ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಮತ್ತು ಒಂದು ಬಾಟಲಿ ನೀರು. ನೀರು ಬಹಳ ಮುಖ್ಯ. ಬೆಂಚಿನ ಮೇಲೆ ಸುರಿದರೆ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಕೂತರೆ ಅಲುಗಾಡುತ್ತದೆ

ಇದನ್ನು ಮೊದಲು ನೋಡಿ. ಉಳಿದದ್ದಕ್ಕೆ ಒಂದು ವಾರ ಕಾಯಬಹುದು, ಇದಕ್ಕೆ ಆಗುವುದಿಲ್ಲ.

ನಮ್ಮ ಕಡೆ ಪಾರ್ಕುಗಳಲ್ಲಿ ಕಾಣುವ ಕಲ್ಲುಬೆಂಚು ತುಂಬಾ ಸರಳ. ಎರಡು ಕಲ್ಲಿನ ಕಾಲು, ಅವುಗಳ ಮೇಲೆ ಒಂದು ಚಪ್ಪಡಿ. ಒಂದೂವರೆ ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು 180 ಕೆ.ಜಿ. ತೂಗುತ್ತದೆ. ಎಷ್ಟೋ ಕಡೆ ಅದು ಸುಮ್ನೆ ಕಾಲುಗಳ ಮೇಲೆ ಕೂತಿರುತ್ತದೆ. ನಡುವೆ ಒಂದು ತೆಳು ಸಿಮೆಂಟ್ ಪದರ, ಅಷ್ಟೇ. ಆ ಸಿಮೆಂಟು ಒಂದೆರಡು ವರ್ಷದಲ್ಲಿ ಬಿಟ್ಟುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ಹೀಗೆ. ಬೆಂಚಿನ ಒಂದು ತುದಿಯಲ್ಲಿ ಕೂತು ಮೆಲ್ಲಗೆ ಭಾರ ಹಾಕಿ, ಆಮೇಲೆ ಇನ್ನೊಂದು ತುದಿಯಲ್ಲಿ. ಜೊತೆಯವರು ಪಕ್ಕಕ್ಕೆ ಬಗ್ಗಿ ಚಪ್ಪಡಿ ಮತ್ತು ಕಾಲು ಸೇರುವ ಸಂದು ನೋಡಲಿ. ಸಂದು ಬಾಯಿ ತೆರೆದು ಮುಚ್ಚಿದರೆ ಚಪ್ಪಡಿ ಬಿಟ್ಟಿದೆ. ಸಂದು ಹಾಗೇ ಇದ್ದು ಇಡೀ ಬೆಂಚೇ ತೂಗಿದರೆ ತೊಂದರೆ ನೆಲದ್ದು. ಈ ಎರಡರ ರಿಪೇರಿ ಬೇರೆ ಬೇರೆ. ಇಲ್ಲಿ ತಪ್ಪಿದರೆ ಖರ್ಚೆಲ್ಲ ದಂಡ.

ಚಪ್ಪಡಿ ಬಿಟ್ಟಿದ್ದರೆ ಇನ್ನೊಂದು ಅಳತೆಯನ್ನೂ ತೆಗೆದುಕೊಳ್ಳಿ. ಕಾಲು ತುದಿಯಿಂದ ಎಷ್ಟು ಒಳಗಿದೆ? ಮೇಲೆ ಹೇಳಿದ ಅಳತೆಯ ಚಪ್ಪಡಿಗೆ ಕಾಲು 30 ಸೆಂಟಿಮೀಟರ್ ಒಳಗಿದ್ದರೆ, ತುದಿಯಲ್ಲಿ ಇಬ್ಬರು ದೊಡ್ಡವರು ನಿಂತರೂ ಚಪ್ಪಡಿ ಏಳುವುದಿಲ್ಲ. ಅರ್ಧ ಮೀಟರ್ ಒಳಗಿದ್ದರೆ ಒಬ್ಬರ ಭಾರ ತಡೆಯುತ್ತದೆ, ಇಬ್ಬರಾದರೆ ಮಗುಚುತ್ತದೆ. ಮಕ್ಕಳು ನಾಲ್ಕೈದು ಜನ ಒಂದೇ ತುದಿಗೆ ಹತ್ತಿ ಕುಣಿಯುತ್ತಾರೆ. 180 ಕೆ.ಜಿ. ಕಲ್ಲು ಮಗುವಿನ ಕಾಲ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅಂಥ ಬೆಂಚು ಕಂಡರೆ ಅವತ್ತೇ ಹಗ್ಗ ಕಟ್ಟಿ, ಬೋರ್ಡು ಹಾಕಿ, ಮಕ್ಕಳು ಹತ್ತದ ಹಾಗೆ ಮಾಡಿ. ದೂರು ಆಮೇಲೆ ಕೊಡಿ.

ಸರಿಯಾದ ರಿಪೇರಿಗೆ ಸಿಮೆಂಟ್ ಬಳಿದರೆ ಸಾಲದು. ಕಾಲಿನಲ್ಲೂ ಚಪ್ಪಡಿಯ ಅಡಿಯಲ್ಲೂ ತೂತು ಕೊರೆದು, ತುಕ್ಕು ಹಿಡಿಯದ ಉಕ್ಕಿನ 12 ಮಿಲಿಮೀಟರ್ ಗೂಟ ಇಟ್ಟು, ಎಪಾಕ್ಸಿ ಅಂಟು ಹಾಕಿ ಕೂರಿಸಬೇಕು. ಒಂದೊಂದು ಕಾಲಿಗೆ ಎರಡು ಗೂಟ. ಕಲ್ಲು ಕೆಲಸದವರಿಗೆ ಇದು ಅರ್ಧ ದಿನದ ಕೆಲಸ.

ಇಡೀ ಬೆಂಚೇ ತೂಗುತ್ತಿದ್ದರೆ ಕಾಲಿನ ಬುಡದ ಮಣ್ಣು ನೋಡಿ. ಅಲ್ಲಿ ಸಣ್ಣ ಕಾಲುವೆಯಂತೆ ಕೊರೆದಿದ್ದರೆ ಮಳೆನೀರು ಆ ದಾರಿಯಲ್ಲಿ ಹರಿಯುತ್ತಿದೆ ಅಂತ ಅರ್ಥ. ನೀರಿನ ದಾರಿ ತಿರುಗಿಸದೆ ಎಷ್ಟು ಜಲ್ಲಿ ತುಂಬಿದರೂ ಮುಂದಿನ ಮಳೆಗೆ ಮತ್ತೆ ತೂಗುತ್ತದೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಇನ್ನೊಂದು ಕಾರಣ ಇದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಕೂತ ಬೆಂಚು ವರ್ಷಕ್ಕೊಮ್ಮೆ ಎದ್ದು ಇಳಿಯುತ್ತದೆ. ಜನವರಿಯಲ್ಲಿ ನೆಟ್ಟಗಿದ್ದ ಬೆಂಚು ಮೇ ತಿಂಗಳಲ್ಲಿ ವಾಲಿದ್ದರೆ ಗುಮಾನಿ ಎರೆಮಣ್ಣಿನ ಮೇಲೆ. ಅಲ್ಲಿ ಬೆಂಚಿನ ಕಾಲಿನ ಕೆಳಗೆ ಎರಡು ಅಡಿ ಆಳದಷ್ಟು ಎರೆಮಣ್ಣು ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಕೆಂಪುಮಣ್ಣಿನ ಬೆಂಗಳೂರು, ಮೈಸೂರಿನಲ್ಲಿ ಇಷ್ಟು ಬೇಕಾಗುವುದಿಲ್ಲ. ಒಂದು ಅಡಿ ಅಗೆದು ಗಟ್ಟಿ ಮಾಡಿದರೆ ಸಾಕು.

ಮರದ ಬೇರು ಎತ್ತಿದ್ದರೆ ಬೇರು ಕಡಿಯಬೇಡಿ. ಬೆಂಚನ್ನು ಒಂದು ಮೀಟರ್ ಆಚೆ ಸರಿಸಿ. ಬೆಂಚು ಇನ್ನೊಂದು ಸಿಗುತ್ತದೆ, ಐವತ್ತು ವರ್ಷದ ನೆರಳು ಸಿಗುವುದಿಲ್ಲ.

ಕೂತವರು ಏಳಲಾರರು, ಅಥವಾ ಕಾಲು ನೆಲಕ್ಕೆ ಎಟುಕುವುದಿಲ್ಲ

ಎತ್ತರ 45 ಸೆಂಟಿಮೀಟರ್ ಆಸುಪಾಸು ಇರಬೇಕು. 40ಕ್ಕಿಂತ ಕೆಳಗೆ ಹೋದರೆ ವಯಸ್ಸಾದವರಿಗೆ, ಗರ್ಭಿಣಿಯರಿಗೆ ಏಳುವುದು ಕಷ್ಟ. 50 ದಾಟಿದರೆ ನಮ್ಮ ಎತ್ತರದ ಹೆಂಗಸರ ಕಾಲು ಜೋತಾಡುತ್ತದೆ, ತೊಡೆಯ ಅಡಿ ಒತ್ತಿ ಜೋಮು ಹಿಡಿಯುತ್ತದೆ. ಬೆಂಚು ಗಿಡ್ಡವಾಗಲು ಕಾರಣ ನಮ್ಮ ಪಾರ್ಕಿನಲ್ಲಿ ಆದದ್ದೇ, ನೆಲ ಏರುವುದು. ಎತ್ತರವಾಗಲು ಕಾರಣ ಅದರ ಉಲ್ಟಾ. ಎಲ್ಲರೂ ಕಾಲಿಡುವ ಜಾಗದ ಮಣ್ಣು ಸವೆದು, ಬೆಂಚಿನ ಮುಂದೆ ಗುಂಡಿ ಬೀಳುತ್ತದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ನಾಲ್ಕು ಚಪ್ಪಡಿ ಹಾಕಿ ದಾರಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ.

ಎತ್ತರ ಸರಿ ಇದ್ದೂ ಏಳಲು ಆಗದಿದ್ದರೆ ಕೈಹಿಡಿ ಇದೆಯಾ ನೋಡಿ. ಏಳುವಾಗ ಕೈ ಊರಲು ಏನೂ ಇಲ್ಲದ ಬೆಂಚು ಮುದುಕರಿಗೆ ಅರ್ಧ ಬೆಂಚು ಇದ್ದ ಹಾಗೆ. ಪಾರ್ಕಿನ ಎಲ್ಲ ಬೆಂಚಿಗೂ ಬೇಡ. ಗೇಟಿನ ಹತ್ತಿರದ ಎರಡು, ದಾರಿಯ ಮಧ್ಯದ ಎರಡಕ್ಕೆ ಒರಗು ಮತ್ತು ತುದಿಯಲ್ಲಿ ಕೈಹಿಡಿ ಕೊಡಿ. ಪಕ್ಕದಲ್ಲೇ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ಗಟ್ಟಿ ನೆಲ ಖಾಲಿ ಬಿಡಿ. ಗಾಲಿಕುರ್ಚಿಯಲ್ಲಿ ಬಂದವರು ತಮ್ಮ ಮನೆಯವರ ಪಕ್ಕದಲ್ಲಿ ನಿಲ್ಲಬಹುದು. ಇಲ್ಲದಿದ್ದರೆ ಅವರು ನಡೆಯುವ ದಾರಿಗೆ ಅಡ್ಡ ನಿಲ್ಲಬೇಕಾಗುತ್ತದೆ, ಎಲ್ಲರೂ ಅವರನ್ನೇ ನೋಡಿಕೊಂಡು ಸುತ್ತಿ ಹೋಗುತ್ತಾರೆ. ಅದನ್ನು ನೋಡಿದರೆ ನನಗೆ ಬಹಳ ಬೇಜಾರಾಗುತ್ತದೆ.

ಬಿರುಕು ಬಿಟ್ಟಿದೆ

ಸಿಮೆಂಟ್ ಬೆಂಚಿನ ಬಿರುಕು ಯಾವ ದಿಕ್ಕಿಗೆ ಓಡಿದೆ ಅಂತ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಬಲೆಯ ಹಾಗೆ ಎಲ್ಲ ಕಡೆ ಸಣ್ಣ ಗೆರೆಗಳಿದ್ದರೆ, ಬೆಂಚು ಎರಕ ಹೊಯ್ದ ಮೇಲೆ ಸರಿಯಾಗಿ ನೀರುಣಿಸಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಸದ್ಯಕ್ಕೆ ಅಪಾಯವೂ ಇಲ್ಲ. ಗೆರೆಗಳೊಳಗೆ ನೀರು ಹೋಗದ ಹಾಗೆ ಬಳಿದು ಬಿಡಿ.

ಗೆರೆ ನೇರವಾಗಿ, ಉದ್ದಕ್ಕೆ, ಅಂಚಿಗೆ ಸಮವಾಗಿ ಓಡಿದ್ದು, ಪಕ್ಕದಲ್ಲಿ ಕಂದು ಕಲೆ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ಇದು ಗಂಭೀರ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಹಿಗ್ಗಿ ಕಾಂಕ್ರೀಟನ್ನು ಸಿಡಿಸುತ್ತದೆ. ರೆಡಿಮೇಡ್ ಬೆಂಚುಗಳಲ್ಲಿ ಇದು ಯಾಕೆ ಜಾಸ್ತಿ? ತೆಳುವಾಗಿ ಕಾಣಲಿ ಅಂತ ಕಂಬಿಯ ಮೇಲೆ ಒಂದು ಸೆಂಟಿಮೀಟರ್ ಕಾಂಕ್ರೀಟೂ ಬಿಟ್ಟಿರುವುದಿಲ್ಲ. ಮಳೆನೀರು ಬೇಗ ಕಂಬಿ ಮುಟ್ಟುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಡೊಳ್ಳಿನಂತೆ ಪೊಳ್ಳು ಸದ್ದು ಬರುತ್ತದೆ. ಪೊಳ್ಳು ಇದ್ದಷ್ಟೂ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಅಷ್ಟನ್ನೂ ಕಂಬಿಯ ಹಿಂದಿನವರೆಗೆ ಒಡೆದು ತೆಗೆಯಬೇಕು. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಮೇಲಿಂದ ಮೇಲೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಳಗಿನ ತುಕ್ಕು ಬೆಳೆಯುತ್ತಲೇ ಇರುತ್ತದೆ, ಮೆತ್ತಿದ್ದು ಒಂದು ವರ್ಷದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕಂಬಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಸವೆದಿದ್ದರೆ ಮಾತ್ರ ಬೆಂಚು ಬದಲಿಸಿ.

ಮೂರನೆಯದು ಚಪ್ಪಡಿಯ ನಡುವೆ, ಅಡ್ಡಕ್ಕೆ, ಅಡಿಯಿಂದ ಮೇಲಕ್ಕೆ ಹೋಗುವ ಬಿರುಕು. ಗ್ರಾನೈಟಿನಲ್ಲೂ ಇದು ಬರುತ್ತದೆ. ಬೆಂಗಳೂರಿನ ಪಾರ್ಕುಗಳಲ್ಲಿ ಸಾದಹಳ್ಳಿ ಕಲ್ಲಿನ ಬೆಂಚು ಬಹಳ. ಕಲ್ಲು ಅಂದರೆ ಗಟ್ಟಿ ಅಂತ ನಾವು ನಂಬಿದ್ದೇವೆ. ಒತ್ತಿದರೆ ಗಟ್ಟಿ, ಎಳೆದರೆ ಅಲ್ಲ. ಬಗ್ಗಿದಾಗ ಚಪ್ಪಡಿಯ ಅಡಿಭಾಗ ಎಳೆತಕ್ಕೆ ಸಿಗುತ್ತದೆ, ಅಲ್ಲಿಂದಲೇ ಸೀಳುತ್ತದೆ. ಕಾಲುಗಳು ಒಂದೇ ಮಟ್ಟದಲ್ಲಿ ಇಲ್ಲದೆ ಚಪ್ಪಡಿ ಒಂದು ಮೂಲೆಯಲ್ಲಿ ಆಧಾರವಿಲ್ಲದೆ ನಿಂತಿದ್ದರೆ ಇನ್ನೂ ಬೇಗ. ಅಡಿಯ ಬಿರುಕು ಕಂಡರೆ ಮೇಲೆ ಗೆರೆ ಬರುವವರೆಗೆ ಕಾಯಬೇಡಿ. ಗ್ರಾನೈಟು ಬಗ್ಗಿ ಸೂಚನೆ ಕೊಡುವುದಿಲ್ಲ, ಒಂದೇ ಸಲ ತುಂಡಾಗುತ್ತದೆ. ಬಿರುಕಿನ ಕೆಳಗೆ ಮಧ್ಯದಲ್ಲಿ ಒಂದು ಮೂರನೇ ಕಾಲು ಕೊಟ್ಟರೆ ಅದೇ ಕಲ್ಲನ್ನು ಇನ್ನೂ ಬಹಳ ವರ್ಷ ಬಳಸಬಹುದು. ಎಷ್ಟೋ ಬೆಂಚಿನ ಮೇಲೆ ಯಾರದೋ ತಂದೆ ತಾಯಿಯ ಸ್ಮರಣಾರ್ಥ ಅಂತ ಹೆಸರು ಕೆತ್ತಿರುತ್ತದೆ. ಆ ಕಲ್ಲನ್ನು ಕಸಕ್ಕೆ ಹಾಕುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.

ತುಕ್ಕು, ಮುರಿದ ಪಟ್ಟಿ

ಸ್ಟೀಲ್ ಆಸನದಲ್ಲಿ ಮೊದಲು ಬೋಲ್ಟು ನೋಡಿ. ಸ್ಟೇನ್‌ಲೆಸ್ ಸ್ಟೀಲಿನ ಆಸನಕ್ಕೆ ಸಾದಾ ಕಬ್ಬಿಣದ ಬೋಲ್ಟು ಹಾಕಿದ್ದರೆ ಒದ್ದೆಯಲ್ಲಿ ಎರಡೂ ಸೇರಿ ಬೋಲ್ಟನ್ನು ಬೇಗ ತಿಂದುಹಾಕುತ್ತವೆ. ಆಸನ ಹೊಳೆಯುತ್ತಿರುತ್ತದೆ, ಬೋಲ್ಟು ಪುಡಿಯಾಗಿರುತ್ತದೆ. ಬೋಲ್ಟೂ ಸ್ಟೇನ್‌ಲೆಸ್ ಇರಲಿ. ಮಂಗಳೂರು, ಮಲ್ಪೆ, ಕಾರವಾರದ ಕಡಲ ದಂಡೆಯಲ್ಲಿ 304 ದರ್ಜೆಯ ಸ್ಟೀಲಿಗೂ ಚಹಾ ಚೆಲ್ಲಿದಂಥ ಕಲೆ ಬರುತ್ತದೆ. ಅಲ್ಲಿ 316 ಬೇಕು. ಅದರಲ್ಲಿ ಮಾಲಿಬ್ಡಿನಂ ಅನ್ನುವ ಲೋಹ ಇರುವುದರಿಂದ ಉಪ್ಪುಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಆಗಾಗ ಸಿಹಿನೀರಿನಲ್ಲಿ ತೊಳೆದರೆ ಇನ್ನೂ ಒಳ್ಳೆಯದು.

ಹಳೆಯ ಪಾರ್ಕುಗಳಲ್ಲಿ ಬೀಡುಕಬ್ಬಿಣದ ಕಾಲಿಗೆ ಮರದ ಪಟ್ಟಿ ಜೋಡಿಸಿದ ಬೆಂಚುಗಳಿವೆ. ಆ ಕಾಲು ಮುರಿದರೆ ಬೀದಿ ಬದಿಯ ಸಾದಾ ವೆಲ್ಡಿಂಗ್ ಹಾಕಿಸಬೇಡಿ. ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬೀಡುಕಬ್ಬಿಣ ಬೆಸೆದು ಗೊತ್ತಿದ್ದವರೇ ಬೇಕು, ಇಲ್ಲವೇ ಎರಡೂ ಕಡೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಹಾಕಬೇಕು. ಮರದ ಪಟ್ಟಿಯನ್ನು ತುದಿಯಲ್ಲಿ ಮತ್ತು ಬೋಲ್ಟಿನ ಸುತ್ತ ಸ್ಕ್ರೂಡ್ರೈವರಿನಿಂದ ಚುಚ್ಚಿ. ಬೆಣ್ಣೆಯಂತೆ ಒಳಗೆ ಇಳಿದರೆ ಕೊಳೆತಿದೆ. ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಪಟ್ಟಿಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಇದ್ದರೆ ನೀರು ಸೋರಿ ಹೋಗುತ್ತದೆ. ಒದ್ದೆ ಮರಕ್ಕೆ ಬಣ್ಣ ಹೊಡೆದರೆ ನೀರನ್ನು ಒಳಗೇ ಕೂಡಿಟ್ಟಂತೆ. ಬಣ್ಣದ ಕೆಲಸ ಫೆಬ್ರವರಿ, ಮಾರ್ಚಿನಲ್ಲಿ ಮಾಡಿಸಿ.

ಬೆಂಚು ಗಟ್ಟಿಯಾಗಿದೆ, ಆದರೆ ಯಾರೂ ಕೂರುವುದಿಲ್ಲ

ಇದನ್ನು ಯಾರೂ ದೋಷ ಅಂತ ದೂರು ಕೊಡುವುದಿಲ್ಲ. ನನ್ನ ಪ್ರಕಾರ ದೊಡ್ಡ ದೋಷ ಇದೇ. ಒಂದು ಬೆಂಚಿಗೆ ದುಡ್ಡು, ಕಲ್ಲು, ಜಾಗ ಎಲ್ಲ ಖರ್ಚಾಗಿದೆ, ಅದರ ಪಕ್ಕದ ಮೋರಿಯ ಕಟ್ಟೆಯ ಮೇಲೆ ಜನ ಕೂತಿದ್ದಾರೆ ಅಂದರೆ ಅವರು ಏನೋ ಹೇಳುತ್ತಿದ್ದಾರೆ ಅಲ್ವಾ?

ಕಾರಣ ಹುಡುಕಲು ಒಂದೇ ದಿನ ಮೂರು ಹೊತ್ತು ಹೋಗಿ. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ. ಪ್ರತಿ ಸಲ ಹತ್ತು ನಿಮಿಷ ನೀವೇ ಕೂತು ನೋಡಿ.

ಮಧ್ಯಾಹ್ನ ಬಿಸಿಲಿದ್ದರೆ ಕೈಯ ಹಿಂಭಾಗವನ್ನು ಬೆಂಚಿಗೆ ತಾಗಿಸಿ. ಐದು ಸೆಕೆಂಡು ಇಡಲು ಆಗದಿದ್ದರೆ ಅಲ್ಲಿ ಸೀರೆ ಉಟ್ಟವರಾಗಲಿ, ಚಡ್ಡಿ ಹಾಕಿದ ಮಕ್ಕಳಾಗಲಿ ಕೂರಲಾರರು. ಸ್ಟೀಲು ಮುಟ್ಟಿದ ತಕ್ಷಣ ಸುಡುತ್ತದೆ. ದಪ್ಪ ಕಲ್ಲು ನಿಧಾನವಾಗಿ ಕಾದು, ಸೂರ್ಯ ಇಳಿದ ಮೇಲೂ ಬಿಸಿ ಹಿಡಿದಿರುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕೂತವರಿಗೆ ಈ ಬಿಸಿ ಗೊತ್ತು. ಡಿಸೆಂಬರಿನಲ್ಲಿ ಅದು ಹಿತ, ಏಪ್ರಿಲ್‌ನಲ್ಲಿ ರಾಯಚೂರಿನ ಬಸ್ ನಿಲ್ದಾಣದಲ್ಲಿ ಅಲ್ಲ. ಮರದ ಪಟ್ಟಿ ಅಷ್ಟು ಸುಡುವುದಿಲ್ಲ.

ನೆರಳಿನ ಲೆಕ್ಕದಲ್ಲಿ ಒಂದು ಮೋಸ ಇದೆ. ಪಾರ್ಕಿನ ಕೆಲಸ ಬಹಳ ಸಲ ಚಳಿಗಾಲದಲ್ಲಿ ನಡೆಯುತ್ತದೆ. ಕೆಲಸದವರು ಮಧ್ಯಾಹ್ನ ನೆರಳಿದ್ದ ಕಡೆ, ಗೋಡೆಯ ಉತ್ತರಕ್ಕೆ, ಬೆಂಚು ಕೂರಿಸುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಎರಡು ಮೀಟರ್ ಗೋಡೆಗೆ ಉತ್ತರದ ಕಡೆ ಸುಮಾರು ಒಂದೂವರೆ ಮೀಟರ್ ನೆರಳು ಬೀಳುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಬೆಂಚು ಪೂರ್ತಿ ಬಿಸಿಲಿಗೆ. ಬೇಸಿಗೆಯಲ್ಲಿ ನೆರಳು ಬೇಕಿದ್ದರೆ ಮರವೇ ಗತಿ. ಗೋಡೆ ನಂಬಬೇಡಿ.

ಮರದ ಕೆಳಗೂ ಮೇಲೆ ನೋಡಿ ಕೂರಿಸಬೇಕು. ನೇರಳೆ ಮರದ ಕೆಳಗೆ ಜೂನ್ ತಿಂಗಳಲ್ಲಿ ಕೂತರೆ ಬಟ್ಟೆಯ ಕಲೆ ಹೋಗುವುದಿಲ್ಲ. ಮಳೆಮರದ ಕಾಯಿ ಅಂಟಂಟು. ಬಾವಲಿ, ಬೆಳ್ಳಕ್ಕಿ ಕೂರುವ ಮರವಾದರೆ ಬೆಂಚಿನ ಮೇಲಿನ ಬಿಳಿ ಕಲೆಯೇ ಹೇಳುತ್ತದೆ. ದಿನಾ ತೊಳೆಸುವುದಕ್ಕಿಂತ ಎರಡು ಮೀಟರ್ ಸರಿಸುವುದು ಸುಲಭ. ಬೆಂಚು ಗುಲ್‌ಮೊಹರ್‌ನ ಒಣಕೊಂಬೆಯ ಕೆಳಗಿದ್ದರೆ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮೊದಲೇ ಕೊಂಬೆ ತೆಗೆಸಿ.

ಸಂಜೆ ಏಳಕ್ಕೆ ಹೋದಾಗ ಬೆಳಕು ನೋಡಿ, ಬೆನ್ನ ಹಿಂದೆ ಏನಿದೆ ನೋಡಿ. ಹಿಂದೆ ದಟ್ಟ ಪೊದೆ, ಎದುರಿಗೆ ಗೋಡೆ, ದೀಪ ಉರಿಯುವುದಿಲ್ಲ, ಹಾಗಿದ್ದರೆ ಅಲ್ಲಿ ಹೆಂಗಸರು ಕೂರುವುದಿಲ್ಲ. ಬೆಳಗ್ಗೆ ಹೋಗಿ ನೋಡಿದ ಗಂಡಸಿಗೆ ಈ ದೋಷ ಕಾಣುವುದೇ ಇಲ್ಲ. ನನಗೂ ಕಂಡಿರಲಿಲ್ಲ, ಪಕ್ಕದ ಮನೆಯ ಅಕ್ಕ ಹೇಳಿದ ಮೇಲೆ ಗೊತ್ತಾಯಿತು. ಪೊದೆಯನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ, ಬೆಂಚನ್ನು ಜನ ಓಡಾಡುವ ದಾರಿಗೆ ಮುಖ ಮಾಡಿದರೆ ಸಾಕಾಯಿತು.

ಇನ್ನೊಂದು ವಿಷಯ. ನಮ್ಮ ಜನ ಕಾಲು ಇಳಿಬಿಟ್ಟು ಮಾತ್ರ ಕೂರುವುದಿಲ್ಲ. ಚಕ್ಕಳಮಕ್ಕಳ ಹಾಕುತ್ತಾರೆ, ಎದುರುಬದುರು ಕೂತು ಮಾತಾಡುತ್ತಾರೆ. 40 ಸೆಂಟಿಮೀಟರ್ ಅಗಲದ ಬೆಂಚಿನ ಸಾಲಿನಲ್ಲಿ ನಾಲ್ಕು ಜನ ಗೆಳೆಯರು ಒಬ್ಬರ ಮುಖ ಒಬ್ಬರು ನೋಡಲಾರರು. ಅದಕ್ಕೇ ಅರಳಿಕಟ್ಟೆ ತುಂಬಿರುತ್ತದೆ, ಬೆಂಚು ಖಾಲಿ ಇರುತ್ತದೆ. ಹೊಸದಾಗಿ ಹಾಕಿಸುವ ಅವಕಾಶ ಬಂದರೆ ನಾಲ್ಕು ಬೆಂಚಿನ ಬದಲು ಒಂದು ಅಗಲ ಕಟ್ಟೆ ಕೇಳಿ. ಕಟ್ಟೆಯನ್ನು ಮರದ ಕಾಂಡಕ್ಕೆ ಒತ್ತಿ ಕಟ್ಟಬೇಡಿ. ಬೇರಿಗೆ ನೀರು, ಗಾಳಿ ಬೇಕು. ಕಾಂಡದ ಸುತ್ತ ಮಣ್ಣು ತೆರೆದಿರಲಿ, ಇಲ್ಲದಿದ್ದರೆ ಮರ ಬೆಳೆದು ಕಟ್ಟೆಯನ್ನೇ ಸೀಳುತ್ತದೆ.

ಮಲಗುತ್ತಾರೆ ಅಂತ ದೂರು

ಬೆಂಚಿನ ನಡುವೆ ಕಬ್ಬಿಣದ ಕಂಬಿ ಹಾಕಿಸಿ ಅಂತ ಕೇಳುವವರು ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಬಸ್ ತಂಗುದಾಣಗಳಲ್ಲಿ ಜಾರುವಂತೆ ಓರೆಯಾಗಿ ಇಟ್ಟ ಪೈಪಿನ ಆಸನವೂ ಇದೇ ಯೋಚನೆಯಿಂದ ಬಂದದ್ದು. ಅದರ ಮೇಲೆ ಯಾರೂ ಮಲಗುವುದಿಲ್ಲ, ನಿಜ. ಮೊಮ್ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ ಅಜ್ಜಿಯೂ ಕೂರಲಾರರು.

ಮಧ್ಯಾಹ್ನ ಬೆಂಚಿನ ಮೇಲೆ ಮಲಗುವವರು ಯಾರು ಅಂತ ಒಂದು ವಾರ ನೋಡಿದೆ. ಪೌರಕಾರ್ಮಿಕರು, ಡೆಲಿವರಿ ಹುಡುಗರು, ಪಕ್ಕದ ಕಟ್ಟಡದ ಗಾರೆ ಕೆಲಸದವರು. ಬೆಳಗಿನ ಜಾವ ಎದ್ದು ದುಡಿದವರು ಅರ್ಧ ಗಂಟೆ ಒರಗುತ್ತಾರೆ. ಆ ಹೊತ್ತಿಗೆ ಬೆಂಚು ಬೇಕಾದವರು ಬೇರೆ ಯಾರೂ ಇರುವುದಿಲ್ಲ. ಇದು ಬೆಂಚಿನ ದೋಷವಲ್ಲ. ಜಾಗ ಸಾಲುತ್ತಿಲ್ಲ ಅನ್ನುವುದಾದರೆ ಇನ್ನೊಂದು ಬೆಂಚು ಕೇಳಿ, ಇದ್ದುದನ್ನು ಕೆಡಿಸಬೇಡಿ.

ದೂರು ಬರೆಯುವಾಗ

ಮೊದಲು ಬೆಂಚು ಯಾರದು ಅಂತ ತಿಳಿಯಿರಿ. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು. ಬಡಾವಣೆಯ ಪಾರ್ಕುಗಳು ಬಹುಪಾಲು ಪಾಲಿಕೆಯವು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಿವೆ, ಆದ್ದರಿಂದ ನಿಮ್ಮದು ಯಾವುದು ಅಂತ ನೋಡಿಕೊಂಡು ಬರೆಯಿರಿ. ರಸ್ತೆ ಬದಿಯ ಬಸ್ ತಂಗುದಾಣ ಬಸ್ಸಿನವರದು ಅಂತ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಅದು ಪಾಲಿಕೆಯ ಕೈಲಿದ್ದು, ಜಾಹೀರಾತಿನ ಗುತ್ತಿಗೆಯವರು ನೋಡಿಕೊಳ್ಳುತ್ತಾರೆ.

ದೂರಿನಲ್ಲಿ "ಬೆಂಚು ಹಾಳಾಗಿದೆ, ಬದಲಿಸಿ" ಅಂತ ಬರೆಯಬೇಡಿ. ನೋಡಿದ್ದನ್ನು ಬರೆಯಿರಿ. "ಉತ್ತರದ ಗೇಟಿನಿಂದ ಮೂರನೇ ಕಲ್ಲುಬೆಂಚು. ಚಪ್ಪಡಿ ಎಡಗಾಲಿನ ಮೇಲೆ ಬಿಟ್ಟುಕೊಂಡಿದೆ. ಕಾಲಿನ ಬುಡದಲ್ಲಿ ಮಳೆನೀರು ಹರಿದು ಮಣ್ಣು ಕೊರೆದಿದೆ. ಗೂಟ ಹಾಕಿ ಕೂರಿಸಬೇಕು, ನೀರಿನ ದಾರಿ ತಿರುಗಿಸಬೇಕು." ಜೊತೆಗೆ ದೂರದಿಂದ ಒಂದು, ಅಡಿಯಿಂದ ಒಂದು ಫೋಟೊ, ಪಕ್ಕದಲ್ಲಿ ಟೇಪು ಕಾಣುವಂತೆ. ಇಷ್ಟು ಇದ್ದರೆ ಬರುವವರು ಬೇಕಾದ ಸಾಮಾನು ಹಿಡಿದೇ ಬರುತ್ತಾರೆ.

ನಮ್ಮ ಪಾರ್ಕಿನ ಬೆಂಚಿಗೆ ಎರಡು ಸಲ ಬರೆಯಬೇಕಾಯಿತು. ಮೊದಲ ಸಲ ಬಂದವರು ಬೆಂಚು ಗಟ್ಟಿಯಾಗಿದೆಯಲ್ಲ ಅಂತ ಹೊರಟುಹೋದರು. ಎರಡನೇ ಸಲ ಎರಡು ಬೆಂಚಿನ ಫೋಟೊ, ಎರಡರ ಅಳತೆ ಅಕ್ಕಪಕ್ಕ ಇಟ್ಟು ಕಳಿಸಿದೆ. ಚಪ್ಪಡಿ ಎತ್ತಿ, ಪ್ರತಿ ಕಾಲಿನ ಮೇಲೆ 11 ಸೆಂಟಿಮೀಟರ್ ಕಲ್ಲು ಕೂರಿಸಿ, ಗೂಟ ಹಾಕಿದರು. ಎಪಾಕ್ಸಿ ಒಣಗಲಿ ಅಂತ ಎರಡು ದಿನ ಹಗ್ಗ ಕಟ್ಟಿದ್ದೆವು. ಮೂರನೇ ದಿನ ಸಂಜೆ ಅಮ್ಮ ಹೋಗಿ ಕೂತರು, ಅರ್ಧ ಗಂಟೆ ಹರಟೆ ಹೊಡೆದರು, ಸೆರಗು ಸರಿ ಮಾಡಿಕೊಂಡು ತಾವೇ ಎದ್ದು ಬಂದರು.